ನಾಲ್ಕು ಊರಲ್ಲಿ ಒಂದು ಸದ್ದಿಲ್ಲದ ಕೋಣೆ

ಬಾಡಿಗೆ ಸ್ಟುಡಿಯೋ ನೋಡಲು ನಾನೂ ನನ್ನ ನಾದಿನಿಯೂ ಹೊರಟ ಭಾನುವಾರಗಳಲ್ಲಿ, ಏನೂ ಆಗದೆ ಸುಮ್ಮನೆ ಮನೆಗೆ ಬಂದದ್ದು ಒಂದು ದಿನವೂ ಇಲ್ಲ.

ನಾನು ಪುರವರದ ಕಡೆಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಹತ್ತನೇ ಕ್ಲಾಸಿನ ಕೆಲವು ಹೆಣ್ಣುಮಕ್ಕಳು ಕೂಲಿಗೆ ಹೋಗಿ ವಾರಗಟ್ಟಲೆ ಸ್ಕೂಲು ತಪ್ಪಿಸುತ್ತಿದ್ದರು. ಆಮೇಲೆ ಗಣಿತದಲ್ಲಿ ಫೇಲಾಗಿ, ಅದೇ ನೆಪಕ್ಕೆ ಮದುವೆಯಾಗಿ ಹೋಗುತ್ತಿದ್ದರು. ಪಾಠವನ್ನೇ ವಿಡಿಯೊ ಮಾಡಿ ಅವರ ಮನೆಯ ಫೋನಿಗೆ ಕಳಿಸಿದರೆ ಒಂದಿಬ್ಬರಾದರೂ ಉಳಿದುಕೊಂಡಾರು ಅನ್ನಿಸಿತು. ನಾದಿನಿ ತುಮಕೂರಿನಲ್ಲಿ ಮದುವೆ ವಿಡಿಯೊ ತೆಗೆಯುವುದನ್ನು ಕಲಿತವಳು, ಸ್ವಂತ ಕ್ಯಾಮೆರಾ ಇತ್ತು. ಆದರೆ ನಮ್ಮ ಮನೆ ರಸ್ತೆಗೆ ಅಂಟಿಕೊಂಡಿದೆ. ಬಸ್ಸು, ಟ್ರ್ಯಾಕ್ಟರು ಹೋದಾಗಲೆಲ್ಲ ನನ್ನ ಪಾಠ ಮುಳುಗಿಹೋಗುತ್ತಿತ್ತು. ಬೇಕಾಗಿದ್ದದ್ದು ಸದ್ದಿಲ್ಲದ ಒಂದು ಕೋಣೆ, ಅಷ್ಟೆ.

ಇನ್ನೊಂದು ವಿಷಯ. ನಮ್ಮ ಮಾವನವರ ಕಾಲದಲ್ಲೇ ಮನೆಯವರೆಲ್ಲ ಬೌದ್ಧರಾದರು. ಊರವರ ಬಾಯಲ್ಲಿ ಮಾತ್ರ ನಾವು ಇವತ್ತಿಗೂ ಕೇರಿಯವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಣೆ ತೋರಿಸುವವರಿಗೆ ಸದ್ದಿಗಿಂತ ಇದರ ಚಿಂತೆಯೇ ಹೆಚ್ಚಾಗಿತ್ತು.

ಮಧುಗಿರಿ: ಮೆಟ್ಟಿಲ ಮೇಲೆ

ಮೊದಲು ನೋಡಿದ್ದು ಮಧುಗಿರಿಯಲ್ಲಿ, ದಿನಸಿ ಅಂಗಡಿಯ ಮಹಡಿ. ಮದುವೆಗೆ ಮುಂಚಿನ ಜೋಡಿ ಫೋಟೋಗಳಿಗೆಂದು ಅಂಗಡಿಯ ಯಜಮಾನರು ಗೋಡೆ ತುಂಬ ಪ್ಲಾಸ್ಟಿಕ್ ಗುಲಾಬಿ ಅಂಟಿಸಿದ್ದರು. ಗುಲಾಬಿಯ ಮುಂದೆ ಬೀಜಗಣಿತ ಹೇಳಿದರೂ ತಪ್ಪಿಲ್ಲ ಎಂದುಕೊಂಡು ಒಪ್ಪಿದೆವು. ಅವರೂ ಒಪ್ಪಿದರು. ಕೆಳಗೆ ಇಳಿಯುವಾಗ ಅರ್ಧ ಮೆಟ್ಟಿಲಲ್ಲಿ ನಿಂತು, ನೀವು ಯಾವ ಪೈಕಿ ಅಂದರು. ಟೀಚರು ಅಂದೆ. ಅದು ಗೊತ್ತು, ಯಾವ ಪೈಕಿ ಅಂತ ಮತ್ತೆ ಕೇಳಿದರು.

"ಗಣಿತದ ಪೈಕಿ," ಅಂದೆ.

"ಗಾಣಿಗ್ರಾ? ಅಂಗಂತ ಮೊದ್ಲೇ ಹೇಳ್ಬಾರ್ದಾ ಕಣಮ್ಮ," ಎಂದು ಬೀಗದ ಕೈ ಕೊಡಲು ಜೇಬಿಗೆ ಕೈಹಾಕಿದರು.

ಸುಮ್ಮನಿದ್ದಿದ್ದರೆ ಕೋಣೆ ಸಿಗುತ್ತಿತ್ತು. ನಾದಿನಿ ನಗು ತಡೆಯಲಾರದೆ, ಗಾಣಿಗ ಅಲ್ಲ ಯಜಮಾನ್ರೇ, ಗಣಿತ ಎಂದು ತಿದ್ದಿದಳು. ಅವರ ಕೈ ಜೇಬಿನಲ್ಲೇ ನಿಂತಿತು. ಗೊತ್ತಿದ್ದ ಜಾತಿಗಳನ್ನೆಲ್ಲ ಮನಸ್ಸಲ್ಲೇ ಎಣಿಸಿ, ಬೇಜಾರಿನಿಂದಲೇ ಹೇಳಿದರು: "ಆ ಜನ ನಮ್ಮ ಕಡೆ ಇಲ್ಲ ಕಣಮ್ಮ."

ಸಿರಾ: ಗೋಡೆಯ ಆಚೆ

ಸಿರಾದಲ್ಲಿ ಹಳೆಯ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಒಬ್ಬ ಸಾಬರು ನಮ್ಮ ಹೆಸರನ್ನೂ ಕೇಳದೆ "ಆವೋ ಬೇಟಿ" ಎಂದು ಕೂರಿಸಿದರು. ಚಹಾ ತರಿಸಿ ತಾವೂ ನಮ್ಮ ಜೊತೆ ಅಂಥದೇ ಲೋಟದಲ್ಲಿ ಕುಡಿದರು. ಹಿಂದೆ ನೀಲಿ ಪರದೆ, ದಪ್ಪ ಗೋಡೆ, ಒಳ್ಳೆ ಬೆಳಕು. ನಾದಿನಿ ಆಗಲೇ ಕ್ಯಾಮೆರಾ ಎಲ್ಲಿಡುವುದು ಎಂದು ಹೆಜ್ಜೆ ಅಳೆಯುತ್ತಿದ್ದಳು. ಅಷ್ಟರಲ್ಲಿ ಗೋಡೆ ನಡುಗತೊಡಗಿತು. ನನ್ನ ಲೋಟದ ಚಹಾದಲ್ಲಿ ಅಲೆ ಎದ್ದಿತು. ಆಚೆ ಬದಿಯಲ್ಲಿ ರಾಗಿ ಬೀಸುವ ಮಿಲ್ಲಿತ್ತು. ವರ್ಷಾನುಗಟ್ಟಲೆ ಕೇಳಿ ಕೇಳಿ ಅವರಿಗೆ ಆ ಸದ್ದು ಕೇಳಿಸುವುದೇ ನಿಂತುಹೋಗಿತ್ತು. ಮನಸ್ಸಿಗೆ ಹಿಡಿಸಿದ ಒಬ್ಬನೇ ಮನುಷ್ಯನ ಕೋಣೆ ಹೀಗೆ ಹಿಟ್ಟಾಯಿತಲ್ಲ ಎಂದು ನನಗೆ ಅಳುವೇ ಬಂತು. ನನ್ನ ಮುಖ ನೋಡಿ ಅವರು, ಫಿಕರ್ ಬೇಡ, ಮಿಲ್ಲು ನಿಂತಾಗ ಪಾಠ ತೆಗೀರಿ ಅಂದರು. ಯಾವಾಗ ನಿಲ್ಲುತ್ತದೆ ಎಂದು ಆಸೆಯಿಂದ ಕೇಳಿದೆ.

"ಕರೆಂಟ್ ಹೋದಾಗ," ಅಂದರು.

ಪಾವಗಡ: ಟೀಚರ್ ಪಾತ್ರ

ಪಾವಗಡದಲ್ಲಿ ಬಲಸಮುದ್ರದ ದಾರಿಯಲ್ಲಿ ಒಬ್ಬಾತ ಸೋಲಾರಿಗೆ ಜಮೀನು ಕೊಟ್ಟು, ಹೊಸದಾಗಿ ಸ್ಟುಡಿಯೋ ಕಟ್ಟಿಸಿದ್ದ. ಹೊರಗೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು, ಒಳಗೆ ಜನರೇಟರು. ಚೂಡಂಡಿ ಮೇಡಂ, ಚೂಡಂಡಿ ಮೇಡಂ ಎಂದು ತೆಲುಗಿನಲ್ಲಿ ಕರೆದು ಮೂಲೆಮೂಲೆಯನ್ನೂ ತೋರಿಸಿದ. ಜಾತಿ ಕೇಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ವಿಡಿಯೊದಲ್ಲಿ ಯಾರು ಬರುವುದು ಅಂದ. ನಾನೇ ಅಂದೆ. ಸ್ವಲ್ಪ ತೆಲ್ಲಗಾ ಇರೋರನ್ನು ಹಾಕಿ ಎಂದು ಸಲಹೆ ಕೊಟ್ಟ. ತೆಲ್ಲಗಾ ಅಂದರೆ ಬೆಳ್ಳಗೆ. ಅವನಿಗೆ ಗೊತ್ತಿದ್ದ ಒಂದು ಹುಡುಗಿ ಇದ್ದಳಂತೆ. ಅವಳು ನಿಂತು ಬಾಯಿ ಆಡಿಸುವುದು, ನಾನು ಪರದೆಯ ಹಿಂದೆ ಕೂತು ಪಾಠ ಹೇಳುವುದು.

ಆ ಹುಡುಗಿಗೆ ಗಣಿತ ಬರುತ್ತಾ ಎಂದು ನಾದಿನಿ ಹಲ್ಲು ಕಚ್ಚಿ ಕೇಳಿದಳು.

ಅವನಿಗೆ ಆಶ್ಚರ್ಯವಾಯಿತು. "ಅದೆಲ್ಲ ಯಾಕೆ? ಟೀಚರ್ ತಾನೆ."

ಕೊರಟಗೆರೆ: ಒದ್ದೆ ಕುರ್ಚಿ

ಕೊನೆಗೆ ಕೋಣೆ ಸಿಕ್ಕಿದ್ದು ಕೊರಟಗೆರೆಯಲ್ಲಿ. ಮನೆಯ ಮಾಲೀಕರು ಮಗಳ ಹಾಡು ರೆಕಾರ್ಡ್ ಮಾಡಲೆಂದು ಹಿಂದಿನ ಕೋಣೆಯ ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆಸಿದ್ದರು. ಮಗಳು ಮದುವೆಯಾಗಿ ಹೋದ ಮೇಲೆ ಬಾಡಿಗೆಗೆ ಬಿಟ್ಟಿದ್ದರು. ಒಳಗೆ ನಿಂತರೆ ನಮ್ಮ ಉಸಿರೇ ನಮಗೆ ಕೇಳಿಸುತ್ತಿತ್ತು. ನಮ್ಮ ರೂಮಲ್ಲಿ ಸೌಂಡು ಹೆಂಗೈತೆ ನೋಡಿ ಎಂದು ಹೆಮ್ಮೆಯಿಂದ ಹೇಳಿಕೊಂಡರು. ನಮ್ಮ ಊರು ಯಾವುದು, ಮನೆ ಎಲ್ಲಿ ಎಂದಷ್ಟೇ ಕೇಳಿದರು. ಟೀಚರು ಅಂದರೆ ದೇವರು ಅಂದರು. ಪೇಪರ್ ಲೋಟದಲ್ಲಿ ನೀರು ಕೊಟ್ಟರು. ಎಷ್ಟು ಶುಚಿ ಎಂದು ನಾನು ಮೆಚ್ಚಿಕೊಂಡೆ.

ಅವತ್ತೇ ಬೆಳಗ್ಗೆ ಒಂದು ಪಾಠ ಮುಗಿಸಿ, ಊಟಕ್ಕೆಂದು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದೆವು. ವಾಪಸು ಬಂದಾಗ ನನ್ನ ಕುರ್ಚಿ ಒದ್ದೆಯಾಗಿತ್ತು. ಒರೆಸಿಟ್ಟಿದ್ದೀರಿ, ಥ್ಯಾಂಕ್ಸ್ ಎಂದೆ. ಮಾಲೀಕರು ಕೈಮುಗಿದರು.

ಮನೆಗೆ ಬಂದು ವಿಡಿಯೊ ಕತ್ತರಿಸಲು ಕೂತಾಗ ಗೊತ್ತಾಯಿತು, ನಾದಿನಿ ಊಟಕ್ಕೆ ಹೋಗುವಾಗ ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದಳು. ಖಾಲಿ ಕುರ್ಚಿ, ಬೋರ್ಡಿನ ಮೇಲೆ ನನ್ನ ಅರ್ಧ ಸಮೀಕರಣ. ಬಾಗಿಲು ತೆರೆಯಿತು. ಚೊಂಬು ಹಿಡಿದು ಮಾಲೀಕರು ಬಂದರು, ಹಿಂದೆ ಅವರ ಹೆಂಡತಿ. ಇವರ ಊರಿಗೆ ಫೋನ್ ಮಾಡಿ ವಿಚಾರಿಸಿದೆ, ಕೇರಿಯವರಂತೆ ಎಂದು ಹೆಂಡತಿಗೆ ಹೇಳುತ್ತಾ ಅವರು ಕುರ್ಚಿಗೆ ನೀರು ಚಿಮುಕಿಸಿದರು. ಬೋರ್ಡಿಗೆ, ಡಸ್ಟರಿಗೆ, ಸೀಮೆಸುಣ್ಣದ ಡಬ್ಬಿಗೂ ಚಿಮುಕಿಸಿದರು. ಮೈಕಿನ ಹತ್ತಿರ ಬಂದಾಗ ಹೆಂಡತಿ ಅವರ ಕೈ ಹಿಡಿದುಕೊಂಡರು.

"ಶಾಕ್ ಹೊಡೆದಾತು. ಕರೆಂಟಿನ ಸಾಮಾನಿಗೆ ಮೈಲಿಗೆ ಇಲ್ಲ, ಬುಡಿ."

ನಾದಿನಿ ನಕ್ಕಳು. ನಗುತ್ತಲೇ ಎದ್ದು ಹಿತ್ತಿಲಿಗೆ ಹೋದವಳು ಸುಮಾರು ಹೊತ್ತು ಒಳಗೆ ಬರಲಿಲ್ಲ. ಉಳಿದ ಪಾಠಗಳನ್ನು ನಾವು ಮನೆಯಲ್ಲೇ, ಬೆಳಗಿನ ಮೊದಲ ಬಸ್ಸು ಬರುವ ಮುಂಚೆ ಎದ್ದು ತೆಗೆದೆವು. ಇಬ್ಬರು ಹುಡುಗಿಯರು ಅವನ್ನು ನೋಡಿಯೇ ಪಾಸಾದರು.

ಕೊರಟಗೆರೆಗೆ ಇನ್ನೊಂದೇ ಸಲ ಹೋದದ್ದು. ಆ ತುಣುಕನ್ನು ಎಲ್ಲರಿಗೂ ಕಳಿಸೋಣ ಅತ್ತಿಗೆ ಎಂದು ನಾದಿನಿ ಹಟ ಹಿಡಿದಿದ್ದಳು. ಮೊದಲು ಅವರಿಗೇ ತೋರಿಸೋಣ ಅಂದೆ ನಾನು. ತಪ್ಪಾಯಿತು ಅನ್ನುವ ಒಂದು ಮಾತು ಅವರ ಬಾಯಿಂದ ಕೇಳಬೇಕಿತ್ತು. ಜಗಲಿಯ ಮೇಲೆ ಫೋನು ಹಿಡಿದು ಅವರು ಪೂರ್ತಿ ನೋಡಿದರು. ಹೆಂಡತಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಇವರು ಮತ್ತೆ ಮೊದಲಿಂದ ಹಾಕಿಕೊಂಡು, ಫೋನನ್ನು ಕಿವಿಯ ಹತ್ತಿರ ಹಿಡಿದುಕೊಂಡರು. ನಾನು ಕಾದೆ.

"ನೀರು ಬೀಳೋದೂ ಕೇಳ್ತೈತೆ ನೋಡಿ ಮೇಡಂ," ಅಂದರು. "ಇದನ್ನ ಇಂಗೇ ನಂಗೆ ಕಳ್ಸಿ. ಬಾಡಿಗೆ ಕೇಳ್ಕೊಂಡು ಬರೋರಿಗೆ ಸೌಂಡು ತೋರ್ಸೋಕಾಯ್ತದೆ."