ಪರದೆಯ ಹಿಂದೆ ಡೆನ್ಜಿಲ್

ಮಗಳು ಬರುತ್ತಾಳೆಂದು ಲೋರ್ನಾ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆಯಲು ಹೊರಟಿದ್ದೇ ಎಲ್ಲದಕ್ಕೂ ಮೂಲ. ಗಂಡ ಡೆನ್ಜಿಲ್‌ನ ಹಳೇ ಕೋಟೂ ಮಿಷಿನ್ನಿಗೆ ಬಿತ್ತು. ಕೋಟಿನ ಒಳಜೇಬಿನಲ್ಲಿದ್ದ, ಸಿಗರೇಟಿನ ಬದಲು ಸೇದುವ ಬ್ಯಾಟರಿಯ ವೇಪೂ ಬಿತ್ತು. ಕೋಟು ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋದ ಡೆನ್ಜಿಲ್, ವೇಪನ್ನು ಬಾಯಿಗಿಟ್ಟು ಎಳೆದರೆ ಹೊಗೆಯ ಬದಲು ಸೋಪಿನ ಗುಳ್ಳೆ ಬಂತು.

ಸಿಗರೇಟು ಬಿಟ್ಟು ವರ್ಷವಾಗಿತ್ತು, ಅದು ನಿಜ. ಆದರೆ ಮನೆಯಲ್ಲಿ ಅವನು ಹೇಳಿದ್ದು 'ಎಲ್ಲಾ ಬಿಟ್ಟೆ' ಅಂತ. ಬಾಣಂತನ ಮುಗಿಸಿ ಮೊದಲ ಸಲ ಕೂಸಿನ ಜೊತೆ ಬರುತ್ತಿದ್ದ ಮಗಳು ಟೆಗನ್ ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದಳು. "ಅಪ್ಪಾ, ಸಿಗರೇಟಾಗ್ಲಿ ವೇಪಾಗ್ಲಿ, ಬಾಯಿಗಿಡೋರ ಕೈಗೆ ನನ್ನ ಮಗು ಕೊಡಲ್ಲ. ಬಿಟ್ಟಿದ್ದೀಯ ತಾನೆ?"

"ಬಿಟ್ಟಿದ್ದೀನಮ್ಮ" ಅಂದಿದ್ದ. ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆಗೆ ಅವನು ಇನ್ನೂ ದೊಡ್ಡ ಸುಳ್ಳಿಗೂ ತಯಾರಿದ್ದ. ಈಗ ನೋಡಿದರೆ ವೇಪಿಲ್ಲದೆ ಕೈ ಗಡಗಡ ನಡುಗುತ್ತಿದೆ. ಈ ಕೈಯಲ್ಲಿ ಕೂಸನ್ನು ಹಿಡಿಯೋದು ಹೇಗೆ?

ಹಾಲು ತರುತ್ತೇನೆಂದು ಹೇಳಿ ಪೆಟ್ರೋಲ್ ಬಂಕಿನ ಅಂಗಡಿಗೆ ಓಡಿದ. ಬಂಕಿನ ಕೆವಿನ್ ಕೈ ಚೆಲ್ಲಿದ.

"ಕಾನೂನು ಬಂದಿದೆ ಮಾರಾಯ. ಸಿಗರೇಟು ಎಷ್ಟು ಬೇಕು ಹೇಳು, ರಾಶಿ ಇದೆ. ವೇಪು ಬೇಕಂದ್ರೆ ಔಷಧಿ ಅಂಗಡಿಗೇ ಹೋಗು."

"ಸಿಗರೇಟು ಬಿಡೋಕೇ ಅಲ್ವೇನೋ ನಾನು ಇದನ್ನ ಹಿಡಿದಿದ್ದು!"

"ನನಗ್ಯಾಕೆ ಹೇಳ್ತೀಯ? ಕ್ಯಾನ್‌ಬೆರಾಗೆ ಹೋಗಿ ಸರ್ಕಾರಕ್ಕೆ ಹೇಳು."

ಯಾರಬಿಲ್ಲಾ ಊರಿಗೆ ಇದ್ದಿದ್ದೇ ಒಂದು ಔಷಧಿ ಅಂಗಡಿ. ಅಲ್ಲಿದ್ದ ಲಿಯೆನ್ ಟ್ರಾನ್ ಎಂಬ ಹುಡುಗಿ ನಿಯಮ ಅಂದರೆ ನಿಯಮ ಅನ್ನುವವಳು. "ವೇಪು ಕೊಡೋ ಮುಂಚೆ ನಿಮ್ಮ ಹತ್ರ ಪ್ರತ್ಯೇಕವಾಗಿ ಮಾತಾಡ್ಬೇಕು. ಪರದೆ ಹಿಂದೆ ಬನ್ನಿ" ಅಂದಳು.

ಡೆನ್ಜಿಲ್‌ನ ಕಣ್ಣು ಹೊರಬಾಗಿಲ ಕಡೆ ಹೋಯಿತು. ಆ ಪರದೆಯ ಹಿಂದೆ ಕೊನೇ ಸಲ ಹೋಗಿದ್ದು ಮುದುಕ ಮೆರ್ವಿನ್. ಆಮೇಲೆ ಅವನನ್ನು ಊರವರು ನೋಡಿದ್ದು ಶವಪೆಟ್ಟಿಗೆಯಲ್ಲೇ.

"ಎದೆನೋವು? ಉಬ್ಬಸ? ಬೇರೆ ಯಾವುದಾದ್ರೂ ಕಾಯಿಲೆ? ಮುಚ್ಚಿಡಬಾರ್ದು."

"ಗುಂಡುಕಲ್ಲಿನ ಹಾಗಿದ್ದೀನಿ ಕಣಮ್ಮ. ಮಾವಿನಹಣ್ಣಿನ ರುಚೀದು ಇದೆಯಾ?"

"ಪುದೀನ ಇದೆ, ಮೆಂಥಾಲ್ ಇದೆ, ತಂಬಾಕಿದೆ. ಸರ್ಕಾರ ಒಪ್ಪಿರೋದು ಅಷ್ಟೇ. ಕೊಡೋದೂ ಒಂದು ತಿಂಗಳಿಗಾಗೋಷ್ಟೇ."

"ಪುದೀನ ಕೊಡು. ಈ ವಿಷಯ ಮಾತ್ರ..."

"ಇಲ್ಲಿ ಆಡಿದ ಮಾತು ಇಲ್ಲೇ. ನಿಮ್ಮ ಹೆಂಡತಿ ಬಂದು ಕೇಳಿದ್ರೂ ಬಾಯಿ ಬಿಡಲ್ಲ."

ಡೆನ್ಜಿಲ್‌ಗೆ ಸಮಾಧಾನದಿಂದ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಳ್ಳುತ್ತ ಪರದೆ ಸರಿಸಿದರೆ ಎದುರಿಗೇ ಪಕ್ಕದ ಮನೆಯ ಗ್ವೆಂಡಾ! ಊರಿಗೆ ಪತ್ರಿಕೆ ಬರುವುದು ನಿಂತು ಎಷ್ಟೋ ಕಾಲವಾಗಿದ್ದರೂ ಯಾರಿಗೂ ಅದರ ಕೊರತೆ ಕಾಣದಿದ್ದದ್ದು ಈ ಗ್ವೆಂಡಾಳಿಂದ.

"ಡೆನ್ಜಿಲ್! ಪರದೆ ಹಿಂದೆ... ನೀನು?"

"ಏನಿಲ್ಲ, ಏನಿಲ್ಲ. ಲೋರ್ನಾಗೆ ಮಾತ್ರ ಹೇಳ್ಬೇಡ, ದಮ್ಮಯ್ಯ."

"ಅಯ್ಯೋ ದೇವರೇ!" ಎಂದು ಗ್ವೆಂಡಾ ಅವನ ಕೈ ಅದುಮಿದಳು.

ಡೆನ್ಜಿಲ್ ಗೋಧಿ ಗೋದಾಮಿನ ಹಿಂದೆ ನಿಂತು ನೆಮ್ಮದಿಯಾಗಿ ಹೊಗೆ ಎಳೆದು, ಕೈ ನಡುಕ ನಿಂತ ಮೇಲೆ ಹಾಲಿನೊಂದಿಗೆ ಮನೆ ಸೇರಿದ. ಅಡುಗೆಮನೆಯ ಮೇಜಿನ ತುಂಬ, ಟ್ಯೂನಾ ಮೀನು ಹಾಕಿ ಓವನ್ನಿನಲ್ಲಿ ಬೇಯಿಸಿದ 'ಟ್ಯೂನಾ ಬೇಕ್'ನ ಬಿಸಿ ಪಾತ್ರೆಗಳು. ಯಾರಬಿಲ್ಲಾದಲ್ಲಿ ಟ್ಯೂನಾ ಬೇಕ್ ಬರುವುದು ಸಾವಿನ ಮನೆಗೆ, ಇಲ್ಲವೇ ಸಾಯುವವರ ಮನೆಗೆ. ಮೇಲಾಗಿ ಡೆನ್ಜಿಲ್‌ಗೆ ಟ್ಯೂನಾದ ವಾಸನೆಯೇ ಆಗುತ್ತಿರಲಿಲ್ಲ.

"ಯಾರಿಗೇನಾಯ್ತು?" ಎಂದ.

ಲೋರ್ನಾ ಕೆಂಪಗಾದ ಕಣ್ಣೆತ್ತಿ ನೋಡಿದಳು. "ಇಷ್ಟು ವರ್ಷ ಸಂಸಾರ ಮಾಡಿ ನನ್ನ ಹತ್ರಾನೇ ಮುಚ್ಚಿಟ್ಯಲ್ಲ ಡೆನ್! ಬೆಳಿಗ್ಗೆ ಕೈ ನಡುಗ್ತಿದ್ದಾಗಲೇ ಅಂದ್ಕೊಂಡೆ." ಹಿಂದೆ ನಿಂತಿದ್ದ ಗ್ವೆಂಡಾ, "ನಾನು ಹೇಳ್ಬಾರ್ದು ಅಂತಾನೇ ಇದ್ದೆ" ಎಂದು ಮೂಗೊರೆಸಿಕೊಂಡಳು.

"ಅದು ಹಾಗಲ್ಲ ಲೋರ್ನಾ, ನಿಜ ಹೇಳ್ಬಿಡ್ತೀನಿ, ನಾನು..."

ಅಷ್ಟರಲ್ಲಿ ಟೆಗನ್ ಒಳಗೆ ಬಂದಳು. ದಾರಿಯಲ್ಲೇ ಯಾರೋ ಅವಳಿಗೂ ತಿಳಿಸಿದ್ದರು. ಅಳುತ್ತ ಬಂದವಳೇ ಒಂದು ಮಾತೂ ಕೇಳದೆ ಕೂಸನ್ನು ಅಪ್ಪನ ಕೈಗಿಟ್ಟಳು. "ಎತ್ಕೋ ಅಪ್ಪಾ. ಎಷ್ಟು ಹೊತ್ತು ಬೇಕಾದ್ರೂ ಇಟ್ಕೋ."

ಕೂಸು ಹಾಲಿನ ವಾಸನೆ ಬೀರುತ್ತ ಅವನ ಹೆಬ್ಬೆರಳನ್ನು ಹಿಡಿದುಕೊಂಡಿತು. ಸಾಯುವುದು ಇಷ್ಟು ಸುಖವಾಗಿದ್ದರೆ ಇವತ್ತೊಂದು ದಿನ ಸತ್ತರೇನು, ನಿಜ ನಾಳೆ ಹೇಳಿದರಾಯಿತು ಅನ್ನಿಸಿತು ಅವನಿಗೆ.

ಬಾಗಿಲು ಬಡಿದ ಸದ್ದಾಯಿತು. ಲಿಯೆನ್! ಅವಳ ಕೈಯಲ್ಲೂ ಟ್ಯೂನಾ ಬೇಕಿನ ಪಾತ್ರೆ. ಅವಳ ಕಣ್ಣಲ್ಲೂ ನೀರು. ನಿಜ ಗೊತ್ತಿದ್ದ ಒಬ್ಬಳೇ ಒಬ್ಬಳು ಊರಿನ ಮಾತು ನಂಬಿ ಬಂದಿದ್ದಳು.

"ನಿಮಗೆ ಹೀಗಾಗಿದೆ ಅಂತ ಈಗ ತಾನೆ ಗೊತ್ತಾಯ್ತು. ಅಷ್ಟು ಕೇಳಿದ್ರೂ ಗುಂಡುಕಲ್ಲು ಅಂದ್ರಲ್ಲ! ಏನು ಕೊಟ್ಟೆ ಅಂತ ನಾನು ಯಾರಿಗೂ ಹೇಳೋ ಹಾಗಿಲ್ಲ. ಆದ್ರೆ ಇಂಥಾ ಸ್ಥಿತೀಲಿ ಅದು ನಿಮ್ಮ ಹತ್ರ ಇರಬಾರ್ದು. ದಯವಿಟ್ಟು ವಾಪಸ್ ಕೊಡಿ."

"ಯಾವುದು?" ಎಂದಳು ಟೆಗನ್.

ಡೆನ್ಜಿಲ್‌ನ ಎರಡೂ ಕೈಯಲ್ಲಿ ಕೂಸು. ಲೋರ್ನಾಳೇ ಅವನ ಜೇಬಿಗೆ ಕೈಹಾಕಿ ವೇಪನ್ನು ಹೊರಗೆಳೆದಳು. ಪುದೀನದ ಘಮ ಅಡುಗೆಮನೆಯ ಟ್ಯೂನಾವನ್ನೂ ಮೀರಿ ಹರಡಿತು.

"ನನಗೆ ಕಾಯಿಲೆ ಇಲ್ಲ ಕಣ್ರೇ! ಇದನ್ನ ತರೋಕೆ ಹೋಗಿದ್ದೆ ಅಷ್ಟೇ!"

ಟೆಗನ್ ಕಣ್ಣೊರೆಸಿಕೊಂಡು ಕೂಸನ್ನು ಕಿತ್ತುಕೊಂಡಳು. ಲೋರ್ನಾ ವೇಪನ್ನು ನೇರ ವಾಷಿಂಗ್ ಮಿಷಿನ್ನಿಗೆ ಹಾಕಿ ಗುಂಡಿ ಒತ್ತಿದಳು.

"ಕಾಯಿಲೆ ಇಲ್ದಿದ್ರೆ ಇಟ್ಕೋಬಹುದಿತ್ತು" ಎಂದು ಲಿಯೆನ್ ಮೆಲ್ಲಗೆ ಹೇಳಿದಳು. "ಇನ್ನು ಮುಂದಿನ ತಿಂಗಳೇ ಕೊಡಕ್ಕಾಗೋದು."

ಗ್ವೆಂಡಾ ತನ್ನ ಪಾತ್ರೆಯತ್ತ ಕೈ ಚಾಚಿದಳು. "ಹುಷಾರಾಗಿದ್ದಾನಲ್ಲ, ಹಾಗಾದ್ರೆ ಇದನ್ನ ನಾನು..."

"ಅಲ್ಲೇ ಇಡು ಗ್ವೆಂಡಾ. ಎಲ್ಲಾನೂ ಇವನೇ ತಿಂತಾನೆ" ಎಂದಳು ಲೋರ್ನಾ. ಡೆನ್ಜಿಲ್‌ನ ತೋಳು ಇನ್ನೂ ಕೂಸನ್ನು ಹಿಡಿದ ಹಾಗೇ ಮುಂದೆ ಚಾಚಿಕೊಂಡಿತ್ತು. "ಕೈ ಖಾಲಿ ಇದೆಯಲ್ಲ, ಹಿಡ್ಕೋ" ಎಂದು ಇದ್ದುದರಲ್ಲಿ ದೊಡ್ಡ ಪಾತ್ರೆಯನ್ನು ತೆಗೆದು ಆ ತೋಳಿಗಿಟ್ಟಳು.