ಬಾಲ ಬಂದ ಬಂಗಾರಿ

ಹೋಗಬಾರದ ಹೊತ್ತಿಗೇ ಬಂಗಾರಿ ಹೋಗಿಬಿಟ್ಟಿತ್ತು. ಮನೆಯೊಡತಿ ಸಂಜೆ ನಾಲ್ಕಕ್ಕೆ ಊರಿಂದ ಬರುವವರಿದ್ದರು. ಬೆಳಿಗ್ಗೆ ಏಳಕ್ಕೆ ಅವರ ಮುದ್ದಿನ ಚುಕ್ಕೆ ಹಲ್ಲಿ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಸೆಟೆದು ಬಿದ್ದಿತ್ತು. ಅವರ ಮಹಡಿಯ ಕೋಣೆಯ ಬಾಡಿಗೆದಾರ, ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಬೆರಳಿನಿಂದ ಮುಟ್ಟಿ ನೋಡಿದ. ಚಳಿಗಾಲದ ಕಲ್ಲಿನಷ್ಟು ತಣ್ಣಗಿತ್ತು. ಅವನಿಗೆ ಮೊದಲು ನೆನಪಾದದ್ದು ತನ್ನ ಕೋಣೆ.

ಕಾರಣವಿತ್ತು. ಒಡತಿ ಊರಿಗೆ ಹೋದಾಗಲೆಲ್ಲ ಹಲ್ಲಿಯನ್ನು ನೋಡಿಕೊಳ್ಳುವುದು ಮಹಡಿಯವನ ಪಾಲಿನ ಕೆಲಸ. ಅವನಿಗಿಂತ ಮುಂಚೆ ಇದ್ದ ಇಬ್ಬರ ಕಾಲದಲ್ಲೂ ಒಂದೊಂದು ಹಲ್ಲಿ ಹೀಗೇ ಯಾಕೆ ಏನು ಎಂದು ತಿಳಿಯದಂತೆ ಸತ್ತಿತ್ತು. ಇಬ್ಬರೂ ವಾರದೊಳಗೆ ಗಂಟುಮೂಟೆ ಕಟ್ಟಿದ್ದರು. ಊಟದಲ್ಲೇ ಏನೋ ಎಡವಟ್ಟು ಎಂದು ತೀರ್ಮಾನಿಸಿದ ಒಡತಿ ಈ ಸಲ ಪಟ್ಟಿಯನ್ನೇ ಬರೆದು ಗೋಡೆಗೆ ಅಂಟಿಸಿದ್ದರು: ದಿನಕ್ಕೆ ಐದು ಜೀರುಂಡೆ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಚಪ್ಪಲಿ ಸವೆಸಿ ಹುಡುಕಿದ ಕೋಣೆ ಅದು; ಗಾಳಿ ಬೆಳಕು ಧಾರಾಳ, ಅಚ್ಚುಕೂಟಕ್ಕೆ ಐದು ನಿಮಿಷದ ನಡಿಗೆ. ಅದು ಕೈತಪ್ಪಿದರೆ ಇನ್ನೊಂದು ಸಿಗುವ ಭರವಸೆ ಅವನಿಗಿರಲಿಲ್ಲ.

ಬರೆದದ್ದನ್ನು ಮೀರುವ ಜಾಯಮಾನವೂ ಅವನದಲ್ಲ. ಹದಿನಾಲ್ಕು ವರ್ಷ ಅಕ್ಷರಕ್ಕೆ ಅಕ್ಷರ ಹೋಲಿಸುತ್ತ ಬದುಕಿದವನು. ಐದೆಂದರೆ ಐದೇ ಜೀರುಂಡೆ ಎಣಿಸಿ ಹಾಕಿದ್ದ. ಬಾಗಿಲ ಪಕ್ಕದಲ್ಲಿ ಒಡತಿಯೇ ಬರೆದಿದ್ದ ‘ಹೊರಗೆ ಹೋಗುವಾಗ ಎಲ್ಲ ಸ್ವಿಚ್ಚು ಆರಿಸತಕ್ಕದ್ದು’ ಎಂಬುದನ್ನೂ ಮರೆತವನಲ್ಲ. ಹಜಾರದ ದೀಪ, ರೇಡಿಯೋ, ಪೆಟ್ಟಿಗೆಯ ಮೇಲಿನ ಕೆಂಪು ಬಲ್ಬು, ಹಗಲು ಅಚ್ಚುಕೂಟಕ್ಕೆ, ರಾತ್ರಿ ಮಹಡಿಗೆ ಹೋಗುವಾಗ ಒಂದನ್ನೂ ಬಿಡದೆ ಆರಿಸಿಯೇ ಬೀಗ ಹಾಕುತ್ತಿದ್ದ. ಇಷ್ಟಾದರೂ ಎರಡನೇ ದಿನಕ್ಕೇ ಬಂಗಾರಿ ಊಟ ಬಿಟ್ಟಿತ್ತು.

ಪಕ್ಕದ ಮನೆಯ ಟೈಲರ್ ಕಿಟಕಿಯಿಂದ ಇಣುಕಿದವನು ಒಳಗೇ ಬಂದ. ಹಲ್ಲಿಯನ್ನು ನೋಡಿ ಅಲ್ಲೇ ಕುಸಿದು ಕೂತ.

“ನಾನೇ ಕೊಂದೆ ಕಣಯ್ಯ. ನಿನ್ನೆ ನೀನು ಹಿತ್ತಿಲಿಗೆ ನೀರು ತರೋಕೆ ಹೋದಾಗ ಎರಡು ದೀಪದ ಹುಳ ಹಾಕ್ದೆ. ಪಾಪ, ಜೀರುಂಡೆ ತಿಂದು ತಿಂದು ಬಾಯಿ ಕೆಟ್ಟಿರುತ್ತೆ ಅನ್ನಿಸ್ತು.”

ಅವನ ಬೆನ್ನಿಗೇ ಬಂದ ಎದುರುಮನೆಯ ನಿವೃತ್ತ ನರ್ಸಮ್ಮನ ಮುಖವೂ ಬಿಳಿಚಿಕೊಂಡಿತು. “ಹುಳ ಅಲ್ಲಪ್ಪ, ನನ್ನ ಟಾನಿಕ್ಕು. ಸೊರಗಿದೆ ಅಂತ ಎರಡೇ ಎರಡು ಹನಿ ಬಾಯಿಗೆ ಸವರಿದ್ದೆ.”

“ಇಬ್ಬರೂ ಸೇರಿ ನನ್ನ ಕೋಣೆ ತೆಗೆದ್ರಲ್ಲ,” ಎಂದ ಬಾಡಿಗೆದಾರ. ಅವನಿಗೆ ಅಳು ಬಂದಿತ್ತು.

ನರ್ಸಮ್ಮ ಪರ್ಸಿನಿಂದ ಪುಟ್ಟ ಕನ್ನಡಿ ತೆಗೆದು ಹಲ್ಲಿಯ ಮೂಗಿಗೆ ಹಿಡಿದರು. “ಆವಿ ಕಟ್ಟಲಿಲ್ಲ. ನಂದು ಮೂವತ್ತು ವರ್ಷದ ಸರ್ವಿಸು. ಹೋಗಿದೆ.”

ಟೈಲರ್ ಒಂದು ತುಂಡು ಲೈನಿಂಗ್ ಬಟ್ಟೆ ತಂದ. ಅದನ್ನು ಹೊದಿಸಿ, ಅಂಗಳದಲ್ಲಿ ಬಿಸಿಲು ಬೀಳುವ ಹೂಕುಂಡದಲ್ಲಿ ಎರಡು ಬೆರಳು ಮಣ್ಣು ಕೆದಕಿ ಬಂಗಾರಿಯನ್ನು ಮಲಗಿಸಿ ಮಣ್ಣು ಮುಚ್ಚಿದರು.

ಬಾಡಿಗೆದಾರ ಅಚ್ಚುಕೂಟಕ್ಕೆ ರಜೆ ಹೇಳಿ ಸಾಕುಪ್ರಾಣಿ ಅಂಗಡಿಗೆ ಓಡಿದ. ಚುಕ್ಕೆಗೆ ಚುಕ್ಕೆ ಹೋಲಿಸಿ ಬಂಗಾರಿಯಂಥದೇ ಒಂದನ್ನು ಆರಿಸಿದ.

“ಮುಂಚಿನದು ಹೇಗೆ ಹೋಯ್ತು?” ಎಂದ ಅಂಗಡಿಯವನು.

“ಊಟದಲ್ಲಿ ಏನೋ.”

“ಎಲ್ರೂ ಹಾಗೇ ಅಂತಾರೆ,” ಎಂದು ಅವನು ಡಬ್ಬಿ ಕಟ್ಟಿಕೊಟ್ಟ.

ನಾಲ್ಕಕ್ಕೆ ಒಡತಿ ಬಂದಾಗ ಬಾಡಿಗೆದಾರ ಒಳಗೇ ಇದ್ದುದರಿಂದ ದೀಪಗಳೆಲ್ಲ ಉರಿಯುತ್ತಿದ್ದವು. ಆಕೆ ಪೆಟ್ಟಿಗೆಯೊಳಗೆ ನೋಡಿದವರೇ ಕೈಯಲ್ಲಿದ್ದ ಚೀಲ ಬಿಟ್ಟರು.

“ಬಾಲ ಬಂದಿದೆ,” ಎಂದರು. “ಹೋದ ತಿಂಗಳು ಬಾಗಿಲ ಸಂದಿಗೆ ಸಿಕ್ಕಿ ಉದುರಿ ಹೋಗಿತ್ತಲ್ಲ. ಬರೀ ಮೋಟು ಉಳಿದಿತ್ತು.”

ಬಾಡಿಗೆದಾರ ಪೆಟ್ಟಿಗೆಯತ್ತ ಬಗ್ಗಿ ಬಾಲ ನೋಡಿದ. ಕರಡಿನಲ್ಲಿ ಒಂದು ಕೊಂಬು ಬಿಟ್ಟುಹೋದರೂ ಹಿಡಿಯುವ ಅವನ ಕಣ್ಣು ಇಡೀ ಬಾಲವನ್ನೇ ನೋಡದೆ ಬಿಟ್ಟಿತ್ತು.

“ನಾಲ್ಕೇ ದಿನದಲ್ಲಿ ಇಷ್ಟುದ್ದ,” ಎಂದರು ಒಡತಿ. “ಏನು ಹಾಕ್ದೆ ನೀನು?”

“ನನ್ನ ಹುಳ ಅಮ್ಮ,” ಎಂದು ನರ್ಸಮ್ಮನ ಜೊತೆ ಬಾಗಿಲಲ್ಲಿ ನಿಂತಿದ್ದ ಟೈಲರ್ ಮುಂದೆ ಬಂದ.

“ಹುಳ ತಿಂದ್ರೆ ಬಾಲ ಬರುತ್ತಾ? ಅದು ನನ್ನ ಟಾನಿಕ್ಕು,” ಎಂದರು ನರ್ಸಮ್ಮ. ಬೆಳಿಗ್ಗೆ ಕೊಲೆ ತನ್ನದೆಂದು ಜಗಳಾಡಿದವರು ಈಗ ಬಾಲ ತನ್ನದೆಂದು ಜಗಳಕ್ಕೆ ನಿಂತರು.

ಒಡತಿ ಕಣ್ಣೊರೆಸಿಕೊಂಡರು. “ಯಾರದಾದ್ರೂ ಇರಲಿ. ನೀನಿರೋವರೆಗೂ ಆ ಕೋಣೆ ನಿಂದೇ ಕಣಪ್ಪ.”

ಬಾಡಿಗೆದಾರನಿಗೆ ಹೋದ ಜೀವ ಬಂದಂತಾಯಿತು. ಅದೇ ಖುಷಿಯಲ್ಲಿ ಎಲ್ಲರೂ ಅಂಗಳಕ್ಕೆ ಬಂದರು. ದಿನವಿಡೀ ಬಿಸಿಲು ಕುಡಿದ ಹೂಕುಂಡದ ಮಣ್ಣು ಅಲುಗಾಡಿತು. ಲೈನಿಂಗ್ ಬಟ್ಟೆಯ ಚೂರು ಮೇಲೆ ಬಂತು, ಅದರ ಹಿಂದೆ ಮಣ್ಣು ಮೆತ್ತಿದ ಚುಕ್ಕೆ ತಲೆ, ಕೊನೆಗೆ ಮೋಟು ಬಾಲ. ನರ್ಸಮ್ಮ ಪರ್ಸನ್ನು ಬೆನ್ನ ಹಿಂದೆ ಬಚ್ಚಿಟ್ಟರು.

ಒಡತಿ ಬಂಗಾರಿಯನ್ನು ಅಂಗೈಯಲ್ಲಿ ಎತ್ತಿಕೊಂಡು ನಿಂತರು. ಬಾಡಿಗೆದಾರ ತೊದಲುತ್ತ ಒಂದೂ ಬಿಡದೆ ಎಲ್ಲ ಒಪ್ಪಿಕೊಂಡ.

“ತಣ್ಣಗಿತ್ತು ಅಂದ್ಯಲ್ಲ,” ಎಂದರು ಆಕೆ. “ಕೆಂಪು ಬಲ್ಬು ಉರೀತಿರೋವಾಗ ತಣ್ಣಗೆ ಹೇಗಾಗುತ್ತೆ? ಆ ಶಾಖದಲ್ಲೇ ಅದು ಬದುಕೋದು. ಇಲ್ಲದಿದ್ರೆ ಊಟ ಬಿಟ್ಟು ಹೆಣದ ಹಾಗೆ ಬಿದ್ದಿರುತ್ತೆ.”

“ಅದನ್ನ ದಿನಾ ಆರಿಸಿ ಹೋಗ್ತಿದ್ದೆನಲ್ಲಮ್ಮ.”

“ಆರಿಸು ಅಂತ ಯಾರು ಹೇಳಿದ್ರು?”

ಅವನು ತೆರೆದ ಬಾಗಿಲ ಪಕ್ಕ ಕೈ ತೋರಿಸಿದ. ಒಡತಿ ತಮ್ಮದೇ ಕೈಬರಹವನ್ನು ಎರಡು ಸಲ ಓದಿದರು.

“ಹಾಗಾದ್ರೆ ಅಮ್ಮ, ಮೊದಲಿನ ಎರಡು?” ಎಂದ ಟೈಲರ್. ಅವನಿಗೆ ಎಲ್ಲಿ ಸುಮ್ಮನಿರಬೇಕೆಂದು ಯಾವತ್ತೂ ತಿಳಿದದ್ದಿಲ್ಲ. “ಅವೂ ಸತ್ತಿರಲಿಲ್ಲ, ಬರೀ ತಣ್ಣಗಿದ್ವಾ?”

ಒಡತಿ ಅಂಗಳದ ಆಚೆ ತುದಿಗೆ ತಿರುಗಿದರು. ಗೋಡೆಯ ನೆರಳಲ್ಲಿ ಎರಡು ಚಪ್ಪಟೆ ಕಲ್ಲುಗಳಿದ್ದವು.

“ನನ್ನ ಕೈಯಾರೆ ಹೂಳಿದೆ,” ಎಂದರು. “ಬೆಕ್ಕು ಕೆದಕಬಾರ್ದು ಅಂತ ಮೇಲೆ ಕಲ್ಲೂ ಇಟ್ಟೆ.”

ಟೈಲರ್ ತಲೆ ತಗ್ಗಿಸಿದ.

ಬಾಡಿಗೆದಾರ ಮೆಲ್ಲಗೆ ಕೇಳಿದ. “ಅಂದ್ರೆ ತಪ್ಪು ನಂದಲ್ಲ ಅಲ್ವಾಮ್ಮ?”

“ಅಲ್ಲಪ್ಪ. ನಿಂದೂ ಅಲ್ಲ, ಆ ಇಬ್ಬರದೂ ಅಲ್ಲ.” ಆಕೆ ಬಂಗಾರಿಯ ಬೆನ್ನಿನ ಮಣ್ಣು ಒರೆಸಿದರು. “ಆದರೆ ಕೋಣೆ ಖಾಲಿ ಮಾಡಿಬಿಡು. ದಿನಾ ನಿನ್ನ ಮುಖ ನೋಡಿದ್ರೆ ನಂಗೆ ಆ ಕಲ್ಲುಗಳೇ ಕಾಣ್ತವೆ. ಬಾಲ ಇರೋದು ನಿಂದು, ಅದನ್ನೂ ಕರ್ಕೊಂಡು ಹೋಗು.”

ಹಲ್ಲಿಯ ಡಬ್ಬಿಯನ್ನು ಮಫ್ಲರಿನಲ್ಲಿ ಬೆಚ್ಚಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವನು ಆ ಸಂಜೆಯೇ ಕೋಣೆ ಹುಡುಕಲು ಹೊರಟ. ಮೂರನೇ ಬೀದಿಯಲ್ಲಿ ‘ಕೋಣೆ ಬಾಡಿಗೆಗಿದೆ’ ಎಂಬ ಹಲಗೆ ಕಂಡಿತು. ಕಿಟಕಿ ದೊಡ್ಡದಿತ್ತು, ಅಚ್ಚುಕೂಟಕ್ಕೆ ಇನ್ನೂ ಹತ್ತಿರ. ಕರೆಗಂಟೆಗೆ ಕೈಯೆತ್ತಿದವನು ಹಲಗೆಯ ಕೆಳಗಿನ ಸಣ್ಣ ಅಕ್ಷರ ಓದಿದ: ‘ಸಾಕುಪ್ರಾಣಿ ಇರುವವರು ಬರಕೂಡದು.’

ಎರಡು ಸಲ ಓದಿದ. ಒಂದು ಅಕ್ಷರವೂ ತಪ್ಪಿರಲಿಲ್ಲ. ಕೈ ಕೆಳಗಿಳಿಸಿ ಮುಂದಿನ ಬೀದಿಗೆ ನಡೆದ.