ಹತ್ತು ತಿಂಗಳಿಗೆ ಬೀಗ

ಇಲಿಗಳಿಗೆ ಪರೀಕ್ಷೆ ಇಟ್ಟ ಶಿಕ್ಷಕಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆಕೆ ನನ್ನ ಗಂಡನ ಸೋದರತ್ತೆ!

ಎಂಬತ್ತರ ದಶಕದ ಮಾತು. ನಾನು ನಿಂಬರ್ಗಾಕ್ಕೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ. ಪಕ್ಕದ ಮನೆಯಲ್ಲಿ ಈ ಅತ್ತೆ ಒಬ್ಬರೇ ಇದ್ದರು. ಊರ ಶಾಲೆಯಲ್ಲಿ ಟೀಚರು. ಅವರಿಗೆ ಧಾರವಾಡದಲ್ಲಿ ಹತ್ತು ತಿಂಗಳ ತರಬೇತಿ ಬಂತು. ಬೇರೆಯವರಾದರೆ ಬೀಗ ಜಡಿದು ಬಸ್ಸು ಹತ್ತುತ್ತಿದ್ದರು. ಅತ್ತೆ ಒಂದು ತಿಂಗಳು ಮೊದಲೇ ಸೆರಗು ಸಿಕ್ಕಿಸಿ ಮಾಳಿಗೆ ಹತ್ತಿದರು!

ನಮ್ಮ ಕಡೆ ಮಾಳಿಗೆ ಅಂದರೆ ಮನೆಯ ಮೇಲಿನ ಮಣ್ಣಿನ ಚಾವಣಿ, ಮಳೆ ಬಂದರೆ ಸೋರುವಂಥದ್ದು. ಅತ್ತೆ ಅದರ ಮೇಲೆ ಬರಿಗಾಲಲ್ಲಿ ಗೇಣು ಗೇಣು ನಡೆದು, ಮೆತ್ತಗೆ ಕಂಡಲ್ಲೆಲ್ಲ ಹೊಸ ಮಣ್ಣು ಹಾಕಿ ಬಡಿದರು. ಆಮೇಲೆ ನನ್ನ ಕೈಯಿಂದ ಇಪ್ಪತ್ತು ಕೊಡ ನೀರು ಹೊರಿಸಿ ಅಲ್ಲಿ ಸುರಿಸಿದರು. ತಾವು ಕೆಳಗೆ, ಮನೆಯೊಳಗೆ, ಛತ್ರಿ ಬಿಚ್ಚಿಕೊಂಡು ಕೂತರು.

“ಛತ್ರಿ ಯಾಕ್ರೀ ಅತ್ತೀ?”

“ಕಣ್ಣಿಗಿ ಮೋಸ ಆಗ್ತದ ಬೇ. ಛತ್ರಿ ಮ್ಯಾಲ ಹನಿ ಬಿದ್ರ ಟಪ್ ಅಂತ ತಾನೇ ಹೇಳ್ತದ.”

ಛತ್ರಿ ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಸೊಂಟ ಮಾತ್ರ ಮೂರು ದಿನ ಮಾತಾಡಿತು.

ಆಮೇಲೆ ಇಲಿಗಳ ಸರದಿ. ಬಿಲಗಳಿಗೆಲ್ಲ ಗಾಜಿನ ಚೂರು, ಸಿಮೆಂಟು ತುಂಬಿ, ನಡುಮನೆಯಲ್ಲಿ ಒಂದು ಜೋಳದ ರೊಟ್ಟಿ ಇಟ್ಟು ಬಾಗಿಲು ಹಾಕಿದರು. ಮರುದಿನ ರೊಟ್ಟಿಯ ಅಂಚಿನಲ್ಲಿ ಹಲ್ಲಿನ ಗುರುತು!

“ಒಬ್ಬ ಉಳದಾನ,” ಎಂದರು, ಹಾಜರಿ ಕರೆಯುವ ದನಿಯಲ್ಲಿ. ಆ ಒಬ್ಬನನ್ನು ಬೋನಿನಲ್ಲಿ ಹಿಡಿದು ತೊಗರಿ ಹೊಲದ ತನಕ ಒಯ್ದು ಬಿಟ್ಟುಬಂದರು. ಮುಂದಿನ ರೊಟ್ಟಿ ಮೂರು ದಿನವಾದರೂ ದುಂಡಗೇ ಇತ್ತು. ನಾನು ಮನಸ್ಸಿನಲ್ಲೇ ಕೈಮುಗಿದೆ.

ಹೊರಡುವ ದಿನ ನನ್ನ ಕೈಗೆ ಕೀಲಿ ಕೊಟ್ಟು, “ನಿನ್ ಕಡಿ ಇರ್ಲಿ. ತೆಗಿಬ್ಯಾಡ,” ಎಂದರು. ಗುಲ್ಬರ್ಗಾ ಬಸ್ಸು ಹತ್ತಿದವರು ಇಳಿದು ಬಂದು ಬೀಗ ಜಗ್ಗಿದರು. ಮತ್ತೆ ಹತ್ತಿ, ಮತ್ತೆ ಇಳಿದರು. ಕಂಡಕ್ಟರ್ ಅವರ ಹಳೆಯ ಶಿಷ್ಯ.

“ಸಾವಕಾಶ ಜಗ್ಗಿ ಬರ್ರಿ ಟೀಚರ್, ಬಸ್ ಎಲ್ಲಿ ಹೋಗ್ತದ?” ಎಂದ. ಕಂಡಕ್ಟರನ ಬಾಯಲ್ಲಿ ಈ ಮಾತು!

ಆ ಮಳೆಗಾಲ ನಮ್ಮ ಮಾಳಿಗೆ ಐದು ಕಡೆ ಸೋರಿತು. ಹತ್ತು ತಿಂಗಳ ಮೇಲೆ ಅತ್ತೆ ಬಂದಾಗ ಇಬ್ಬರೂ ಕೂಡಿ ಬಾಗಿಲು ತೆಗೆದೆವು. ಗೋಡೆಯಲ್ಲಿ ಒಂದು ತೇವದ ಕಲೆಯಿಲ್ಲ. ಹೋಗುವಾಗ ಬೂದಿ ಬೆರೆಸಿಟ್ಟಿದ್ದ ತೊಗರಿಯಲ್ಲಿ ಒಂದು ಹುಳವಿಲ್ಲ!

“ಭೇಷ್ ರೀ ಅತ್ತೀ!” ಎಂದು ತಿರುಗಿ ನೋಡಿದರೆ, ಅವರು ಹೊಸ್ತಿಲ ಮೇಲೆ ಕುಸಿದು ಕೂತಿದ್ದರು. ಕಣ್ಣು ತುಂಬಿ ಬಂದಿತ್ತು.

“ಏನಾತ್ರೀ?”

“ಏನೂ ಆಗಿಲ್ಲ ನೋಡು. ಹತ್ತ್ ತಿಂಗಳು ನಾ ಇರ್ಲಿಲ್ಲ ಅಂತ ಈ ಮನಿಗಿ ಗೊತ್ತೇ ಆಗಿಲ್ಲ.”

ಪಕ್ಕದಲ್ಲಿ ಕೂತು, ಅಲ್ಲಿಯವರೆಗೆ ಮುಟ್ಟಲೂ ಅಂಜುತ್ತಿದ್ದ ಆ ಕೈ ಹಿಡಿದುಕೊಂಡೆ.

“ನಮಗ ಗೊತ್ತಾಗ್ಯದ್ರಿ ಅತ್ತೀ,” ಎಂದೆ. “ದಿನಾ ಗೊತ್ತಾಗ್ಯದ.”